ಹೆಸರಿದ್ದೂ ಹೆಸರಿಲ್ಲದವನು: ಎಲೈಜಾ ಡೇವಿಸ್ ಪತ್ರದ ಪ್ರಕರಣ

1863ರ ಜೂನ್ 22ರಂದು ಲಂಡನ್ನಿನ ಎಲೈಜಾ ಡೇವಿಸ್ ಎಂಬಾಕೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಒಂದು ಪತ್ರ ಬರೆದಳು. ಮೇಲ್ನೋಟಕ್ಕೆ ಅದು ಚಂದಾ ಕೇಳುವ ಪತ್ರ. ಹಿಂದಿನ ವರ್ಷ ತೀರಿಕೊಂಡಿದ್ದ ಲೇಡಿ ಜುಡಿತ್ ಮಾಂಟಿಫಿಯೋರ್ ನೆನಪಿಗೆ, ಕಾಯಿಲೆಯಿಂದ ಎದ್ದ ಬಡ ಯೆಹೂದಿಗಳು ಕೆಲವು ದಿನ ಇದ್ದು ಸುಧಾರಿಸಿಕೊಳ್ಳುವಂಥ ಒಂದು ಮನೆಯನ್ನು ಕಟ್ಟಲು ಹಣ ಕೂಡಿಸಲಾಗುತ್ತಿತ್ತು. ಆದರೆ ಚಂದಾ ಕೇಳುವವರು ಸಾಮಾನ್ಯವಾಗಿ ಬಾಯಿಬಿಡದ ಮಾತೊಂದನ್ನು ಆಕೆ ಅದೇ ಪತ್ರದಲ್ಲಿ ಎತ್ತಿದಳು. ನಾಡಿನ ನೊಂದವರ ಪರವಾಗಿ ಇಷ್ಟು ಮನಮುಟ್ಟುವಂತೆ ವಾದಿಸುವ ವಿಶಾಲ ಹೃದಯದ ಲೇಖಕ ಯೆಹೂದಿಗಳ ವಿಷಯದಲ್ಲಿ ಮಾತ್ರ ಒಂದು ಹೀನ ಪೂರ್ವಗ್ರಹಕ್ಕೆ ನೀರೆರೆದಿದ್ದಾನೆ. 'ಆಲಿವರ್ ಟ್ವಿಸ್ಟ್' ಕಾದಂಬರಿಯ ಫೇಗಿನ್‌ಗೆ ಬೇರೆ ಅರ್ಥ ಹೇಳಲು ಬರುವುದಿಲ್ಲ. ಲೇಖಕ ಇನ್ನೂ ಬದುಕಿರುವುದರಿಂದ ಒಂದೋ ತನ್ನನ್ನು ಸಮರ್ಥಿಸಿಕೊಳ್ಳಬಹುದು, ಇಲ್ಲವೇ ಚದುರಿಹೋದ ಒಂದು ಜನಾಂಗಕ್ಕೆ ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು ಎಂಬುದು ಅವಳ ಮಾತಿನ ಸಾರ.

ಇಲ್ಲಿಂದ ಶುರುವಾದ ವ್ಯವಹಾರ ನಾಲ್ಕು ವರ್ಷ ನಡೆಯಿತು. ಓದುಗರು ಲೇಖಕರಿಗೆ ಬರೆಯುವುದೂ ಲೇಖಕರು ಸಭ್ಯವಾಗಿ ಉತ್ತರಿಸುವುದೂ ಹೊಸದೇನಲ್ಲ. ಆದರೆ ಆಕ್ಷೇಪದ ಪತ್ರ, ಅದಕ್ಕೆ ಬಂದ ಉತ್ತರ, ಆ ಬಳಿಕ ಹುಟ್ಟಿದ ಹೊಸ ಪಾತ್ರ, ಕಡೆಗೆ ಹಳೆಯ ಪುಸ್ತಕದಲ್ಲಿ ಆದ ತಿದ್ದುಪಡಿ, ಈ ನಾಲ್ಕೂ ದಾಖಲೆಯಾಗಿ ಉಳಿದು ನಮ್ಮ ಮುಂದಿರುವ ಪ್ರಕರಣ ಅಪರೂಪ. ಪತ್ರಗಳನ್ನು ಕಂಬರ್ಲೆಂಡ್ ಕ್ಲಾರ್ಕ್ 1918ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದ. ನಾನೂ ಕಾದಂಬರಿ ಬರೆಯುವವನು. ಇದನ್ನು ನಾನು ಕಟಕಟೆಯಲ್ಲಿ ನಿಂತವನು ಹಳೆಯ ತೀರ್ಪೊಂದನ್ನು ಓದುವ ಹಾಗೆ ಓದಿದೆ. ಅದಕ್ಕೆ ಕಾರಣವಿದೆ.

ಇಬ್ಬರಿಗೂ ಮೊದಲೇ ಪರಿಚಯವಿತ್ತು. 1860ರಲ್ಲಿ ಡಿಕನ್ಸ್ ಲಂಡನ್ನಿನ ತನ್ನ ಟ್ಯಾವಿಸ್ಟಾಕ್ ಹೌಸ್ ಎಂಬ ಮನೆಯನ್ನು ಮಾರಿದ್ದು ಎಲೈಜಾಳ ಗಂಡ ಜೇಮ್ಸ್ ಡೇವಿಸ್‌ಗೆ. ವ್ಯವಹಾರ ಕುದುರುತ್ತಿದ್ದಾಗ ಡಿಕನ್ಸ್ ಗೆಳೆಯನಿಗೆ ಬರೆದ ಪತ್ರದಲ್ಲಿ ಕೊಳ್ಳುವವನನ್ನು 'ಯೆಹೂದಿ ಲೇವಾದೇವಿಗಾರ' ಎಂದು ಕರೆದು, ದುಡ್ಡು ಕೈಗೆ ಬರುವವರೆಗೆ ಅವನನ್ನು ನಂಬುವುದಿಲ್ಲ ಎಂದಿದ್ದ. ದುಡ್ಡು ಬಂತು. ಆಮೇಲೆ, ಹಣಕಾಸಿನ ವಿಷಯದಲ್ಲಿ ಇಷ್ಟು ತೃಪ್ತಿಕರವಾಗಿ, ಇಷ್ಟು ನಂಬಿಕೆಯಿಂದ ನಡೆದುಕೊಂಡವರು ಯಾರೂ ನೆನಪಿಗೆ ಬರುವುದಿಲ್ಲವೆಂದು ಬರೆದವನೂ ಅವನೇ. ಒಂದೇ ಮನುಷ್ಯನ ಬಗ್ಗೆ ಒಂದೇ ಲೇಖನಿ ಬರೆದ ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ಮುಂದಿನದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮೊದಲನೆಯದರಲ್ಲಿ ಬಂದದ್ದು ಜಾತಿ. ಎರಡನೆಯದರಲ್ಲಿ, ವ್ಯವಹಾರ ಮಾಡಿ ನೋಡಿದ ಮೇಲೆ, ಬಂದದ್ದು ಮನುಷ್ಯ.

ಇನ್ನು ಕಾದಂಬರಿ. ಅದು 1837ರ ಫೆಬ್ರವರಿಯಿಂದ 1839ರ ಏಪ್ರಿಲ್‌ವರೆಗೆ 'ಬೆಂಟ್ಲೀಸ್ ಮಿಸಲನಿ' ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಶುರುಮಾಡಿದಾಗ ಡಿಕನ್ಸ್‌ಗೆ ಇಪ್ಪತ್ತೈದು ತುಂಬುತ್ತಿತ್ತು. ಅನಾಥ ಹುಡುಗರನ್ನು ಕೂಡಿಹಾಕಿಕೊಂಡು ಜೇಬುಗಳ್ಳತನ ಕಲಿಸಿ, ಕದ್ದ ಮಾಲನ್ನು ಕೊಳ್ಳುವ ಮುದುಕ ಫೇಗಿನ್ ಅದರ ಮುಖ್ಯ ಖಳರಲ್ಲಿ ಒಬ್ಬ. ಅವನು ಯೆಹೂದಿ ಎಂಬುದಕ್ಕಿಂತ ಹೆಚ್ಚು ಕಾಡುವುದು ಕಥೆ ಹೇಳುವವನು ಅವನನ್ನು ಕರೆಯುವ ರೀತಿ. ಮೊದಲ 38 ಅಧ್ಯಾಯಗಳಲ್ಲಿಯೇ 257 ಸಲ ಅವನು ಬರಿಯ 'ದಿ ಜ್ಯೂ'. ಫೇಗಿನ್ ಎಂಬ ಹೆಸರಿದೆ, ಆದರೆ ನಿರೂಪಕನ ಬಾಯಿಗೆ ಅದು ಬರುವುದು ಅಪರೂಪ.

ಇಂಗ್ಲಿಷಿನ ಈ 'ದಿ' ಎಂಬ ಪುಟ್ಟ ಶಬ್ದ ಮಾಡುವ ಕೆಲಸವನ್ನು ಕನ್ನಡಿಗರಿಗೆ ವಿವರಿಸಬೇಕಾಗುತ್ತದೆ, ಏಕೆಂದರೆ ನಮ್ಮಲ್ಲಿ ಅದಿಲ್ಲ. 'ಆ ಯೆಹೂದಿ' ಎಂದರೆ ಸರಿಹೋಗುವುದಿಲ್ಲ. 'ಆ' ಎಂದಾಗ ನಾವು ಒಬ್ಬನನ್ನು ಬೆರಳಿಟ್ಟು ತೋರಿಸುತ್ತೇವೆ. 'ದಿ' ಒಬ್ಬನನ್ನೂ ತೋರಿಸುತ್ತದೆ, ಹಾಗೆಯೇ ಅವನ ಇಡೀ ಕುಲವನ್ನೂ ಅವನ ಬೆನ್ನಿಗೆ ನಿಲ್ಲಿಸುತ್ತದೆ. ನಮ್ಮಲ್ಲಿ ಅದೇ ಕೆಲಸವನ್ನು ಮಾಡುವುದು ಹೆಸರಿನ ಜಾಗದಲ್ಲಿ ಕೂರುವ ಕುಲವಾಚಕ. ನಮ್ಮ ಊರುಗಳಲ್ಲಿ ಒಡವೆ ಅಡವಿಡಲು ಹೋಗುವವರು 'ಸೇಟು ಹತ್ರ ಹೋಗಿ ಬರ್ತೀನಿ' ಎನ್ನುತ್ತಾರೆ. ಬಡ್ಡಿ ಹೆಚ್ಚಾದರೆ ಸೇಟು, ಕೊಟ್ಟ ಗಡುವು ಮೀರಿದರೂ ಬಳೆ ಉಳಿಸಿಕೊಟ್ಟರೂ ಸೇಟು. ಮೂರು ತಲೆಮಾರಿನಿಂದ ಅದೇ ಬೀದಿಯಲ್ಲಿ ಇದ್ದು, ಮನೆಯಲ್ಲಿ ಮಾರವಾಡಿಯನ್ನೂ ಅಂಗಡಿಯಲ್ಲಿ ಕನ್ನಡವನ್ನೂ ಮಾತಾಡುವ ಆ ಮನುಷ್ಯನಿಗೆ ಒಂದು ಹೆಸರಿರಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ನನಗೂ ಅನ್ನಿಸಿರಲಿಲ್ಲ. ನನ್ನ ಒಂದು ಕಾದಂಬರಿಯಲ್ಲಿ ಅಂಥವನೊಬ್ಬ ಇದ್ದಾನೆ, ಇನ್ನೂರು ಚಿಲ್ಲರೆ ಪುಟಗಳ ಉದ್ದಕ್ಕೂ ಅವನು ಸೇಟು.

ಆ ಪುಸ್ತಕದ ಮೇಲೆ ತಾಲ್ಲೂಕು ಕೇಂದ್ರವೊಂದರಲ್ಲಿ ಓದುಗರ ಸಂವಾದ ಏರ್ಪಾಡಾಗಿತ್ತು. ಇಪ್ಪತ್ತು ಮಂದಿ ಇದ್ದಿರಬಹುದು. ಹೊಗಳಿಕೆಯ ಮಾತುಗಳು ಮುಗಿದು ಚಹಾ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತಳು. ಪುಸ್ತಕದ ಅಂಚಿನಿಂದ ಹಳದಿ ಚೀಟಿಗಳು ಇಣುಕುತ್ತಿದ್ದವು. 'ಸರ್, ನಿಮ್ಮ ಕಾದಂಬರಿಯಲ್ಲಿ ಬೀದಿ ನಾಯಿಗೂ ಒಂದು ಹೆಸರಿದೆ. ನಮ್ಮ ತಾತನಂಥವರಿಗೆ ಇಲ್ಲ' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವವರ ದನಿ ಅದು. ನಾನು ಸ್ವಲ್ಪವೂ ತಡಮಾಡದೆ ಮೂರು ಉತ್ತರ ಕೊಟ್ಟೆ: ಊರಿನವರು ಕರೆಯುವುದೇ ಹಾಗಮ್ಮ, ಕಾದಂಬರಿಯಲ್ಲಿ ಅವನಿಗಿಂತ ಕೆಟ್ಟ ಬಡ್ಡಿಯವರು ನಮ್ಮವರೇ ಇದ್ದಾರೆ, ಸೇಟು ಎನ್ನುವುದು ಶ್ರೇಷ್ಠಿ ಎಂಬುದರಿಂದ ಬಂದ ಮರ್ಯಾದೆಯ ಮಾತು, ಬೈಗುಳವಲ್ಲ. ಅವಳು 'ಸರಿ ಸರ್' ಎಂದು ಕೂತಳು. ಚಹಾ ಬಂತು.

ಡಿಕನ್ಸ್ 1863ರ ಜುಲೈ 10ರಂದು ಎಲೈಜಾಳಿಗೆ ಬರೆದ ಉತ್ತರವನ್ನು ನಾನು ಓದಿದ್ದು ಇದಾದ ಕೆಲವು ತಿಂಗಳ ಮೇಲೆ. ಅಲ್ಲಿಯೂ ವಾದಗಳು ಮೂರೇ ಇದ್ದವು ಎಂಬುದು ನನಗೆ ಮುಜುಗರ ತಂದಿತು. ಕಥೆ ನಡೆಯುವ ಕಾಲದಲ್ಲಿ ಆ ಬಗೆಯ ಅಪರಾಧಿಗಳು ಹೆಚ್ಚು ಕಡಿಮೆ ಯೆಹೂದಿಗಳೇ ಆಗಿರುತ್ತಿದ್ದುದು ದುರದೃಷ್ಟವಶಾತ್ ನಿಜ, ಇದು ಒಂದು. ಕಾದಂಬರಿಯ ಉಳಿದ ದುಷ್ಟರೆಲ್ಲ ಕ್ರೈಸ್ತರು, ಇದು ಎರಡು. ಅವನನ್ನು ಯೆಹೂದಿ ಎಂದು ಕರೆದದ್ದು ಧರ್ಮದ ಕಾರಣಕ್ಕಲ್ಲ, ಜನಾಂಗದ ಕಾರಣಕ್ಕೆ. ಒಬ್ಬ ಫ್ರೆಂಚನನ್ನೋ ಸ್ಪೇನಿನವನನ್ನೋ 'ರೋಮನ್ ಕ್ಯಾಥೊಲಿಕ್' ಎಂದು ಕರೆದಿದ್ದರೆ ಅದು ಸಲ್ಲದ ಕೆಲಸವಾಗುತ್ತಿತ್ತು, ಇದು ಮೂರು. ತಾನು ದೊಡ್ಡ ಅನ್ಯಾಯ ಮಾಡಿದ್ದೇನೆಂಬ ಭಾವನೆ ತಿಳಿವಳಿಕೆಯುಳ್ಳ ಯೆಹೂದಿಗಳಲ್ಲಿ ಇರುವುದೇ ಆದರೆ, ಅವರು ತಾನು ಅಂದುಕೊಂಡಷ್ಟು ವಿವೇಕಿಗಳೂ ನ್ಯಾಯವಂತರೂ ಒಳ್ಳೆಯ ಮನಸ್ಸಿನವರೂ ಅಲ್ಲವೆಂದಾಯಿತು ಎಂದು ಒಂದು ಚುಚ್ಚುಮಾತನ್ನೂ ಸೇರಿಸಿದ. ಹಾಗಿದ್ದೂ ಆರೈಕೆಯ ಮನೆಗೆ ಚಂದಾ ಕಳಿಸಿದ.

ಈ ಉತ್ತರವನ್ನು ಕಪಟವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಬರೆದದ್ದನ್ನು ಲೇಖಕ ತನ್ನ ಉದ್ದೇಶದ ಮೂಲಕ ನೆನಪಿಟ್ಟುಕೊಂಡಿರುತ್ತಾನೆ. ಪುಟದ ಮೇಲೆ ಏನಿದೆ ಎಂಬುದನ್ನು ಅವನು ತಿರುಗಿ ಓದಿರುವುದಿಲ್ಲ. ಓದುವವರ ಬಳಿ ಉದ್ದೇಶವಿಲ್ಲ, ಪುಟ ಮಾತ್ರ ಇದೆ. ಆದ್ದರಿಂದ ಮೊದಲ ಉತ್ತರ ಸುಮಾರಾಗಿ ಯಾವಾಗಲೂ ವಕೀಲನ ಉತ್ತರವಾಗಿರುತ್ತದೆ, ಓದುಗನ ಉತ್ತರವಾಗಿರುವುದಿಲ್ಲ.

ಎಲೈಜಾ ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಉತ್ತರ ಬಂದಿತ್ತು, ಚಂದಾ ಸಿಕ್ಕಿತ್ತು, ಎದುರಿಗಿದ್ದವನು ಇಂಗ್ಲೆಂಡಿನ ಮನೆಮಾತಾಗಿದ್ದ ಲೇಖಕ. ನಾಲ್ಕೇ ದಿನಕ್ಕೆ, ಜುಲೈ 14ರಂದು, ಆಕೆ ಎರಡನೆಯ ಪತ್ರ ಬರೆದಳು. ಈ ಪ್ರಕರಣದ ಜೀವ ಇರುವುದು ಆ ಪತ್ರದಲ್ಲಿ. ಯೆಹೂದಿಗಳ ವಿಷಯದಲ್ಲಿ ಜನಾಂಗವನ್ನೂ ಧರ್ಮವನ್ನೂ ಬೇರ್ಪಡಿಸಲಾಗದು ಎಂದು ಮೂರನೆಯ ವಾದಕ್ಕೆ ಉತ್ತರಿಸಿದಳು. ಎರಡನೆಯದಕ್ಕೆ ಕೊಟ್ಟ ಉತ್ತರ ಅದಕ್ಕಿಂತ ಹರಿತ: ಕಾದಂಬರಿಯಲ್ಲಿ ಕೆಟ್ಟ ಕ್ರೈಸ್ತರಿದ್ದಾರೆ ನಿಜ, ಅವರ ಎದುರಿಗೆ ಒಳ್ಳೆಯ ಕ್ರೈಸ್ತರೂ ಇದ್ದಾರೆ, ಆದರೆ ಈ ಫೇಗಿನ್ ಒಬ್ಬಂಟಿ, ಅವನೇ 'ಯೆಹೂದಿ'. ಕೊನೆಯಲ್ಲಿ, ಇಂಗ್ಲೆಂಡಿನ ಯೆಹೂದಿಗಳ ನಡೆನುಡಿಯನ್ನು ಹತ್ತಿರದಿಂದ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಏನನ್ನೂ ಮುಚ್ಚಿಡುವುದು ಬೇಡ, ಹಗೆಯಿಂದ ಏನನ್ನೂ ಸೇರಿಸುವುದೂ ಬೇಡ ಎಂದು ಷೇಕ್ಸ್‌ಪಿಯರನ ಒಥೆಲೋ ಆಡುವ ಮಾತನ್ನೇ ತಿರುಗಿಸಿ ಹೇಳಿದಳು. ಹೊರಗಿನವನೆಂದು ಕಂಡ ಒಬ್ಬ ಪಾತ್ರ ಸಾಯುವ ಮುಂಚೆ ತನ್ನ ಕಥೆಯನ್ನು ಬರೆಯುವವರಿಗೆ ಮಾಡುವ ಕೋರಿಕೆ ಅದು. ಇಂಥ ಕಡೆ ಇಂಥ ಮಾತನ್ನು ಆರಿಸಿಕೊಳ್ಳಬೇಕಾದರೆ ಆಕೆ ಎಂಥ ಓದುಗಳಾಗಿದ್ದಿರಬೇಕು.

ಒಳ್ಳೆಯವನಾಗಿ ಬರೆ ಎಂದು ಆಕೆ ಎಲ್ಲಿಯೂ ಕೇಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಡಿಕನ್ಸ್ ಮಾಡಿದ್ದು ಹೆಚ್ಚು ಕಡಿಮೆ ಅದನ್ನೇ. 1864ರ ಮೇ ತಿಂಗಳಿಂದ 1865ರ ನವೆಂಬರ್‌ವರೆಗೆ ಬಿಡಿ ಸಂಚಿಕೆಗಳಲ್ಲಿ ಬಂದ 'ಅವರ್ ಮ್ಯೂಚುವಲ್ ಫ್ರೆಂಡ್' ಕಾದಂಬರಿಯಲ್ಲಿ ರಯಾ ಎಂಬ ಮುದಿ ಯೆಹೂದಿ ಬಂದ. ಉದ್ದನೆಯ ಹಳೆಯ ಕಾಲದ ನಿಲುವಂಗಿ, ಕೈಯಲ್ಲಿ ಕೋಲು, ಬೈಬಲ್ಲಿನ ಹಿರಿಯರಂಥ ಮಾತು, ಯಾರಿಗೂ ಕೇಡು ಬಗೆಯದ ಮನಸ್ಸು. ಓದುಗನಾಗಿ ಹೇಳುವುದಾದರೆ ರಯಾ ಸೋತ ಪಾತ್ರ. ಫೇಗಿನ್ ಒಲೆಯ ಮುಂದೆ ಸಾಸೇಜು ಹುರಿಯುತ್ತಾ ನಿಂತ ಚಿತ್ರ ಒಮ್ಮೆ ಓದಿದರೆ ಮರೆಯದು. ರಯಾ ಏನು ತಿನ್ನುತ್ತಾನೆಂಬುದು ನನಗೆ ನೆನಪಾಗುತ್ತಿಲ್ಲ. ಅಪರಾಧ ಪ್ರಜ್ಞೆಯಿಂದ ಬರೆದ ಪಾತ್ರಗಳಿಗೆ ಹಸಿವಾಗುವುದು ಕಡಿಮೆ.

ಆದರೂ ರಯಾನನ್ನು ಅಷ್ಟಕ್ಕೇ ಬಿಡಲಾಗದು, ಏಕೆಂದರೆ ಡಿಕನ್ಸ್ ಅವನ ಸುತ್ತ ಕಟ್ಟಿದ ಕಥಾತಂತ್ರದಲ್ಲಿ ಎಲೈಜಾಳ ಪತ್ರ ನಿಜವಾಗಿ ಒಳಗಿಳಿದದ್ದು ಕಾಣುತ್ತದೆ. ರಯಾ ಲೇವಾದೇವಿಯ ಅಂಗಡಿಯ ಮುಖ ಮಾತ್ರ. ಸಾಲಗಾರರ ಕತ್ತು ಹಿಸುಕುವ ನಿಜವಾದ ಧಣಿ ಫ್ಲೆಜ್‌ಬಿ ಎಂಬ ಕ್ರೈಸ್ತ ತರುಣ. ಅವನು ಮುದುಕನನ್ನು ಮುಂದೆ ನಿಲ್ಲಿಸಿ, 'ಏನು ಮಾಡಲಿ, ಈ ಯೆಹೂದಿ ಕರುಣೆಯಿಲ್ಲದವನು' ಎಂಬ ನಾಟಕವಾಡುತ್ತಾನೆ. ಸಾಲಗಾರರೆಲ್ಲ ಸಂಶಯವಿಲ್ಲದೆ ನಂಬುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ತಾನು ನಿರೂಪಕನ ದನಿಯಲ್ಲಿ ಬಳಸಿದ್ದ ಗುರುತುಚೀಟಿಯನ್ನೇ ಡಿಕನ್ಸ್ ಇಲ್ಲಿ ಖಳನ ಕೈಗೆ ಕೊಟ್ಟು, ಅದು ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದ. ಕಡೆಗೆ ರಯಾ ತನ್ನ ತಪ್ಪನ್ನು ಅರಿಯುತ್ತಾನೆ: ಆ ನೊಗಕ್ಕೆ ತಾನು ಕತ್ತು ಬಾಗಿಸಿದ್ದರಿಂದ, ಬಾಗಲು ಒಪ್ಪದ ತನ್ನ ಜನರ ಕತ್ತನ್ನೂ ಬಾಗಿಸಿದಂತಾಯಿತು. ಕೆಟ್ಟ ಗ್ರೀಕನನ್ನು ಕಂಡವರು ಒಳ್ಳೆಯ ಗ್ರೀಕರೂ ಇದ್ದಾರೆ ಎನ್ನುತ್ತಾರೆ, ಕೆಟ್ಟ ತುರ್ಕನನ್ನು ಕಂಡವರು ಒಳ್ಳೆಯ ತುರ್ಕರೂ ಇದ್ದಾರೆ ಎನ್ನುತ್ತಾರೆ, ಯೆಹೂದಿಗಳ ವಿಷಯದಲ್ಲಿ ಮಾತ್ರ ಕೀಳಾದವನನ್ನೇ ಮಾದರಿಯಾಗಿ ಹಿಡಿದು ಎಲ್ಲರೂ ಹೀಗೆಯೇ ಎಂದುಬಿಡುತ್ತಾರೆ ಎಂದು ಅವನು ಹೇಳುವಾಗ, ಜುಲೈ 14ರ ಪತ್ರದ ದನಿಯೇ ಕೇಳಿಸುತ್ತದೆ. ರಯಾ ಜೀವಂತವಾಗುವುದು ಒಬ್ಬ ಓದುಗಳ ಮಾತನ್ನು ಆಡುವಾಗ.

1864ರ ನವೆಂಬರ್‌ನಲ್ಲಿ ಎಲೈಜಾ ಮತ್ತೆ ಬರೆದಳು. ತನಗೂ ತನ್ನ ಜನರಿಗೂ ಸಂದ ಗೌರವಕ್ಕೆ ಕೃತಜ್ಞತೆ ಹೇಳಿ, ಜೊತೆಗೇ ಒಂದು ತಪ್ಪನ್ನೂ ತೋರಿಸಿದಳು. ಡಿಕನ್ಸ್‌ನ ಉತ್ತರ ಈ ಸಲ ಬೇರೆಯೇ. ಆ ತಪ್ಪು ತನಗೂ ಹೊಳೆದಿತ್ತು, ಎಲ್ಲರಿಗೂ ಆಗುವಂತೆ ತಿದ್ದುವ ಹೊತ್ತು ಮೀರಿದ ಮೇಲೆ. ಚಿತ್ರ ಸೊಗಸಾಗಿ ಬರಲೆಂದು ಉಡುಗೆಯ, ರೀತಿನೀತಿಯ ವಿಶೇಷಗಳನ್ನು ಬೆರೆಸಿಬಿಟ್ಟಿದ್ದೇನೆ ಎಂದ. ವರ್ಷದ ಹಿಂದೆ ಚುಚ್ಚಿದ್ದ ಲೇಖನಿ ಈಗ ಒಬ್ಬ ಜೊತೆಗೆಲಸದವಳ ಹತ್ತಿರ ಮಾತಾಡುವ ಧಾಟಿಗೆ ಬಂದಿತ್ತು.

ಓದುಗರ ಮಾತಿಗೆ ಪಾತ್ರದ ದಿಕ್ಕು ತಿರುಗಿಸಿದ್ದು ಡಿಕನ್ಸ್‌ಗೆ ಇದೇ ಮೊದಲಲ್ಲ. 1849ರ ಡಿಸೆಂಬರ್‌ನಲ್ಲಿ 'ಡೇವಿಡ್ ಕಾಪರ್‌ಫೀಲ್ಡ್' ಬರುತ್ತಿದ್ದಾಗ, ಅದರ ಕುಳ್ಳಿ ಮಿಸ್ ಮೌಚರ್ ತನ್ನನ್ನೇ ಆಡಿಕೊಂಡು ಬರೆದದ್ದೆಂದು ನೆರೆಯಲ್ಲಿದ್ದ ಜೇನ್ ಸೀಮೋರ್ ಹಿಲ್ ನೊಂದು ಬರೆದಿದ್ದಳು. ಕೆಟ್ಟವಳಾಗಬೇಕಿದ್ದ ಮೌಚರ್ ಕೆಲವು ಸಂಚಿಕೆಗಳ ಬಳಿಕ ಒಳ್ಳೆಯವಳಾಗಿ ಮರಳಿ ಬಂದಳು. ಧಾರಾವಾಹಿಯಲ್ಲಿ ಇದು ಸಾಧ್ಯ, ಮುಂದಿನ ಕಂತು ಇನ್ನೂ ಕೈಯಲ್ಲಿರುತ್ತದೆ. ಅಚ್ಚಾಗಿ ಮೂರು ದಶಕವಾಗುತ್ತ ಬಂದ ಪುಸ್ತಕದ ಮಾತು ಹಾಗಲ್ಲ.

ಅದಕ್ಕೇ 1867ರ ಮರುಮುದ್ರಣ ನನಗೆ ರಯಾನಿಗಿಂತ ಮುಖ್ಯವೆನಿಸುತ್ತದೆ. ಆ ವರ್ಷ ಡಿಕನ್ಸ್ ಹೆಸರಿನದೇ ಒಂದು ಹೊಸ ಮುದ್ರಣಮಾಲೆಗಾಗಿ ಆತ 'ಆಲಿವರ್ ಟ್ವಿಸ್ಟ್' ಪಠ್ಯವನ್ನು ಮತ್ತೆ ಹಿಡಿದು ಕೂತ. ಮೊದಲ 38 ಅಧ್ಯಾಯಗಳು ಹೆಚ್ಚು ಕಡಿಮೆ ಹಾಗೆಯೇ ಉಳಿದವು. ಅಷ್ಟರಲ್ಲಿ ಅವುಗಳ ಮೊಳೆ ಜೋಡಿಸಿ ಆಗಿತ್ತೆಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಅಲ್ಲಿಂದ ಮುಂದೆ 'ಯೆಹೂದಿ' ಎಂದಿದ್ದ ಕಡೆಗಳಲ್ಲಿ ಬಹುಪಾಲು 'ಫೇಗಿನ್' ಅಥವಾ 'ಅವನು' ಆಯಿತು. ಫೇಗಿನ್ ಗಲ್ಲಿಗೇರುವ ಮುನ್ನಾ ರಾತ್ರಿಯನ್ನು ಹೇಳುವ 52ನೆಯ ಅಧ್ಯಾಯದ ತಲೆಬರಹದಲ್ಲಿ 'ಯೆಹೂದಿಯ ಕೊನೆಯ ರಾತ್ರಿ' ಹೋಗಿ 'ಫೇಗಿನ್‌ನ ಕೊನೆಯ ರಾತ್ರಿ' ಬಂತು. ಬೇರೇನೂ ಬದಲಾಗಲಿಲ್ಲ. ಅವನು ಕಳ್ಳನೇ, ಕ್ರೂರಿಯೇ, ಗಲ್ಲೂ ತಪ್ಪುವುದಿಲ್ಲ. ಆದರೆ ಕತ್ತಲ ಕೋಣೆಯಲ್ಲಿ ಗಂಟೆ ಎಣಿಸುತ್ತಾ ಕೂತವನು ಈಗ ಒಬ್ಬ ಮುದುಕ. ಮೊದಲಿನ ಮುದ್ರಣದಲ್ಲಿ ಆ ರಾತ್ರಿ ಒಂದು ಕುಲಕ್ಕೆ ಸೇರಿತ್ತು. ಇಡೀ ಪ್ರಕರಣದಲ್ಲಿ ಬರವಣಿಗೆಯ ದೃಷ್ಟಿಯಿಂದ ಅತ್ಯಂತ ಚಿಕ್ಕದೂ ಅತ್ಯಂತ ನಿಖರವೂ ಆದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಒಳ್ಳೆಯ ಯೆಹೂದಿಯನ್ನು ಕಟ್ಟಲು ಒಂದು ಕಾದಂಬರಿ ಬೇಕಾಯಿತು, ಅದೂ ಅರೆಬರೆಯಾಯಿತು. ಕೆಟ್ಟವನಿಗೆ ಅವನ ಹೆಸರನ್ನು ಮರಳಿಸಲು ಕರಡಿನ ಮೇಲೆ ಒಂದು ಗೀಟು ಸಾಕಾಯಿತು.

ಅದೇ ವರ್ಷ ಎಲೈಜಾ ಆತನಿಗೆ ಹೀಬ್ರೂ ಮತ್ತು ಇಂಗ್ಲಿಷ್ ಪಠ್ಯಗಳುಳ್ಳ ಬೈಬಲ್ಲನ್ನು ಉಡುಗೊರೆಯಾಗಿ ಕಳಿಸಿದಳು. ನೋಯಿಸಿದ್ದೇನೆಂದು ತಿಳಿದ ಕೂಡಲೇ ಅದನ್ನು ಸರಿಪಡಿಸುವ ಗುಣಕ್ಕೆ ಮೆಚ್ಚುಗೆಯಾಗಿ ಎಂದು ಒಳಪುಟದಲ್ಲಿ ಬರೆಸಿದ್ದಳು. 'ಕೂಡಲೇ' ಎಂಬಲ್ಲಿ ಆಕೆಯ ಔದಾರ್ಯ ಕಾಣುತ್ತದೆ. ಲೆಕ್ಕ ಹಾಕಿದರೆ ನಾಲ್ಕು ವರ್ಷ. ತಮ್ಮಿಬ್ಬರ ನಡುವೆ ಈಗ ಸದ್ಭಾವವೊಂದೇ ಉಳಿದಿದೆ ಎಂಬರ್ಥದ ಉತ್ತರ ಮಾರ್ಚ್ 1ರ ತಾರೀಖಿನಲ್ಲಿ ಬಂತು. 1869ರ ಜನವರಿಯಿಂದ ಡಿಕನ್ಸ್ ಇದೇ ಕಾದಂಬರಿಯ ನ್ಯಾನ್ಸಿಯ ಕೊಲೆಯ ಭಾಗವನ್ನು ವೇದಿಕೆಯ ಮೇಲೆ ಅಭಿನಯಿಸಿ ಓದತೊಡಗಿದಾಗ ಅದನ್ನು ಕಂಡವರೊಬ್ಬರು, ಫೇಗಿನ್‌ಗೆ ಬೆನ್ನು ಬಾಗಿಸಿದ್ದ, ಆದರೆ ಮೂಗಿನಲ್ಲಿ ಮಾತಾಡಲಿಲ್ಲ, ಭುಜ ಕುಣಿಸಲಿಲ್ಲ ಎಂದು ಬರೆದಿಟ್ಟಿದ್ದಾರೆ. ಯೆಹೂದಿಯೆಂದರೆ ಸಭಿಕರು ಕಾಯುತ್ತಿದ್ದ ರಂಗದ ಚೇಷ್ಟೆಗಳು ಅವು.

ಫೇಗಿನ್ ಎಂಬ ಹೆಸರಿನ ಕಥೆಯನ್ನೂ ಇಲ್ಲಿ ಹೇಳಬೇಕು. 1824ರಲ್ಲಿ ಅಪ್ಪ ಸಾಲಕ್ಕಾಗಿ ಜೈಲು ಸೇರಿದ್ದಾಗ ಹನ್ನೆರಡರ ಡಿಕನ್ಸ್ ಬೂಟು ಪಾಲಿಶಿನ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಕಾಗದ ಕಟ್ಟುವ ಕೆಲಸಕ್ಕಿದ್ದ. ದಾರ ಬಿಗಿಯುವ ಉಪಾಯವನ್ನು ಅವನಿಗೆ ಹೇಳಿಕೊಟ್ಟವನು ಬಾಬ್ ಫೇಗಿನ್ ಎಂಬ ಹುಡುಗ. ಒಂದು ದಿನ ಪಕ್ಕೆ ನೋವು ತಡೆಯಲಾಗದೆ ಡಿಕನ್ಸ್ ನೆಲದ ಮೇಲೆ ಹೊರಳಾಡುತ್ತಿದ್ದಾಗ, ಖಾಲಿ ಪಾಲಿಶ್ ಸೀಸೆಗಳಿಗೆ ಬಿಸಿನೀರು ತುಂಬಿ ಅರ್ಧ ದಿನ ಶಾಖ ಕೊಟ್ಟವನೂ ಅವನೇ. ಆ ಹೆಸರನ್ನು ಬಹಳ ಕಾಲದ ಮೇಲೆ ಆಲಿವರ್ ಟ್ವಿಸ್ಟ್‌ನಲ್ಲಿ ಬಳಸಿಕೊಂಡೆ ಎಂದು ಡಿಕನ್ಸ್ ತಾನೇ ಬರೆದಿದ್ದಾನೆ. ಉಪಕಾರ ಮಾಡಿದವನ ಹೆಸರನ್ನು ಖಳನಿಗಿಟ್ಟು, ಆಮೇಲೆ ಆ ಹೆಸರನ್ನೂ ಕುಲದ ಪಟ್ಟಿಯಡಿ ಮುಚ್ಚಿದ್ದೇಕೆ ಎಂಬುದಕ್ಕೆ ಮನಶ್ಶಾಸ್ತ್ರದ ವಿವರಣೆಗಳು ಬೇಕಾದಷ್ಟಿವೆ. ನನಗೆ ಅವುಗಳಲ್ಲಿ ಆಸಕ್ತಿಯಿಲ್ಲ. ಅವನ ಬಳಿ ಒಂದು ಹೆಸರಾದರೂ ಇತ್ತು ಎಂಬುದಷ್ಟೇ ನನ್ನನ್ನು ತಟ್ಟಿತು.

ನನ್ನ ಕಾದಂಬರಿಯ ಎರಡನೆಯ ಮುದ್ರಣದ ಮಾತು ಬಂದಾಗ ಪ್ರಕಾಶಕರು ಕರಡನ್ನು ಕಳಿಸಿ, ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟಬೇಡಿ, ಪುಟ ಏರುಪೇರಾಗುತ್ತದೆ ಎಂದರು. ಕಂಪ್ಯೂಟರಿನಲ್ಲಿ 'ಸೇಟು' ಎಂದು ಹುಡುಕಿದರೆ 143 ಕಡೆ ಸಿಕ್ಕಿತು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿಯೂ ಪಕ್ಕದಲ್ಲೇ ಇತ್ತು. ಅದನ್ನು ಒತ್ತಬಾರದೆಂಬಷ್ಟು ಬುದ್ಧಿಯನ್ನು ಈ ಪ್ರಕರಣ ಕೊಟ್ಟಿತ್ತು. ಒಂದೊಂದನ್ನೇ ನೋಡುತ್ತಾ ಹೋದೆ. ಊರಿನವರು ಆಡುವ ಮಾತಿನಲ್ಲಿ ಸೇಟು ಇರಬೇಕು, ಅವರು ಹಾಗೆಯೇ ಕರೆಯುವುದು, ಅದನ್ನು ತೊಳೆದರೆ ಊರನ್ನೇ ತೊಳೆದಂತೆ. ಆದರೆ ನಿರೂಪಕನಾಗಿ ನಾನು ಅವನನ್ನು ಕರೆದ 97 ಕಡೆಗಳಿಗೆ ಯಾವ ಸಮರ್ಥನೆಯೂ ಇರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವನೊಬ್ಬನೇ ತಕ್ಕಡಿಯ ಬಟ್ಟಲು ಒರೆಸುತ್ತಾ ಕೂತಿರುವ ಒಂದು ಪುಟವಿದೆ. ಅಲ್ಲಿ ಬೇರೆ ಯಾರೂ ಇಲ್ಲ. ಅಲ್ಲಿಯೂ ಅವನು ಸೇಟು.

ಹೆಸರಿಡೋಣವೆಂದು ಲೇಖನಿ ಹಿಡಿದರೆ ಯಾವುದೂ ಹೊಂದಲಿಲ್ಲ, ಏಕೆಂದರೆ ಆ ಪಾತ್ರ ಪೂರ್ತಿ ಕಲ್ಪನೆಯದಲ್ಲ. ನನ್ನ ಕಾಲೇಜಿನ ಫೀಸು ಕಟ್ಟುವಾಗಲೆಲ್ಲ ಅಮ್ಮನ ಬಳೆಗಳು ಹೋಗಿ ಬರುತ್ತಿದ್ದ ಅಂಗಡಿಯವನ ನೆರಳು ಅದು. ರಾತ್ರಿ ಊರಿಗೆ ಫೋನ್ ಮಾಡಿ, ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯ ಸೇಟು ಹೆಸರೇನಮ್ಮ ಎಂದು ಕೇಳಿದೆ.

'ಸೇಟು ಅಂತಲೇ ಅಲ್ವೇನೋ ಕರೀತಿದ್ದದ್ದು' ಎಂದಳು. ಸ್ವಲ್ಪ ಹೊತ್ತು ಯೋಚಿಸಿ, 'ಅಡವಿನ ಚೀಟಿ ಮೇಲೆ ಅಚ್ಚಾಗಿತ್ತು ಕಣೋ. ಯಾರು ಓದಿದ್ರು?' ಎಂದಳು.